ಪೈಥಾನ್ ಭಾಷೆಯ ಸಿ-ವಿಸ್ತರಣ ಟೈಪುಗಳಲ್ಲಿ ಕ್ರಿಯಾಚಿಹ್ನೆಗಳು: ಒಂದು ಚಾರಿತ್ರಿಕ ವಿವೇಚನೆ

೧. ವಿಷಯ ಮತ್ತು ಆಕರಗಳು

ಗುಣಿಸುವುದು, ಭಾಗಿಸುವುದು ಮುಂತಾದ ಗಣಿತಕ್ರಿಯೆಗಳನ್ನು ನಮ್ಮ ಪ್ರಾಚೀನರು ‘ಪರಿಕರ್ಮ’ಗಳೆಂದು ಕರೆದರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಇಂತಹ ಎಂಟು ಪರಿಕರ್ಮಗಳನ್ನು ನಿರೂಪಿಸಿದ್ದಾನೆ. ಆ ಗ್ರಂಥವು ಪದ್ಯರೂಪದಲ್ಲಿರುವುದರಿಂದ ಅಲ್ಲಿ ಕ್ರಿಯೆಗಳನ್ನು ಮಾತಿನಿಂದಲೇ ಹೇಳಿದೆ. ಕ್ರಿಯೆಯನ್ನು ಮಾತಿಗೆ ಬದಲಾಗಿ ಒಂದು ಗುರುತಿನಿಂದ ಸೂಚಿಸುವ ಪದ್ಧತಿ ಬಂದೊಡನೆ, ಆ ಗುರುತಿನ ಅರ್ಥವನ್ನು ಗೊತ್ತುಮಾಡತಕ್ಕವರು ಯಾರೆಂಬ ಪ್ರಶ್ನೆಯೂ ಜೊತೆಯಲ್ಲಿಯೇ ಹುಟ್ಟುತ್ತದೆ. ಬಕ್ಷಾಲಿ ಹಸ್ತಪ್ರತಿಯಲ್ಲಿ + ಎಂಬ ಆಕಾರವು ಋಣಸಂಖ್ಯೆಯ ಗುರುತಾಗಿತ್ತು. ಇಂದು ಅದೇ ಆಕಾರವು ಸಂಕಲನದ ಗುರುತಾಗಿದೆ. ೧೬೩೧ರಲ್ಲಿ ವಿಲಿಯಂ ಆಟ್ರೆಡ್ ಬಳಕೆಗೆ ತಂದ × ಗುರುತು ಎಕ್ಸ್ ಎಂಬ ಅಕ್ಷರದೊಡನೆ ಬೆರೆತುಹೋಗುತ್ತದೆಂದು ಲೈಬ್ನಿಟ್ಸ್ ೧೬೯೮ರ ಪತ್ರವೊಂದರಲ್ಲಿ ಆಕ್ಷೇಪಿಸಿದನು. ಗುರುತುಗಳ ಚರಿತ್ರೆಯು ಒಪ್ಪಂದಗಳ ಚರಿತ್ರೆಯೆಂಬುದು ಇಂತಹ ನಿದರ್ಶನಗಳಿಂದ ವಿದಿತವಾಗುತ್ತದೆ.

ಈ ಚರಿತ್ರೆಯ ಈಚಿನ ಒಂದು ಅಧ್ಯಾಯವನ್ನು ಪ್ರಸ್ತುತ ಲೇಖನದಲ್ಲಿ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ. ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಮೊದಲು ಇಲ್ಲದಿದ್ದ ಬಗೆಯ ವಸ್ತುಗಳನ್ನು ಸಿ ಭಾಷೆಯಲ್ಲಿ ರಚಿಸಿ ಸೇರಿಸಲು ಅವಕಾಶವುಂಟು. ಹೀಗೆ ಸೇರಿಸಿದ ಬಗೆಗೆ ‘ವಿಸ್ತರಣ ಟೈಪು’ ಎಂದು ಹೆಸರು. ಆ ಹೊಸ ಟೈಪಿನ ವಸ್ತುಗಳ ನಡುವೆ +, *, < ಮುಂತಾದ ಆಪರೇಟರುಗಳನ್ನು, ಎಂದರೆ ಕ್ರಿಯಾಚಿಹ್ನೆಗಳನ್ನು, ಬಳಸಿದಾಗ ಏನು ನಡೆಯಬೇಕು? ಅದನ್ನು ನಿರ್ಣಯಿಸುವ ಹಕ್ಕು ಭಾಷೆಯನ್ನು ನಿರ್ಮಿಸಿದವರದೋ, ವಿಸ್ತರಣವನ್ನು ಬರೆದವರದೋ? ೧೯೯೧ರಿಂದ ಇಂದಿನವರೆಗೆ ಈ ಹಕ್ಕು ಇಬ್ಬರ ನಡುವೆ ಹಂಚಿಕೆಯಾದ ಬಗೆಯೇನು? ಇವೇ ನಮ್ಮ ಮುಂದಿರುವ ಪ್ರಶ್ನೆಗಳು.

ಇದು ಕೇವಲ ಯಂತ್ರಶಾಸ್ತ್ರಜ್ಞರಿಗೆ ಸಂಬಂಧಿಸಿದ ವಿಷಯವೆಂದು ತೋರಬಹುದು. ಕಾಗದದ ಮೇಲೆ ಬರೆದ ಲೆಕ್ಕದಲ್ಲಿ ಒಂದು ಗುರುತಿಗೆ ಎರಡು ಅರ್ಥಗಳಿದ್ದರೆ ಓದುವವನು ಸಂದರ್ಭವನ್ನು ನೋಡಿ ತಿದ್ದಿಕೊಳ್ಳುತ್ತಾನೆ. ಯಂತ್ರಕ್ಕೆ ಆ ವಿವೇಚನೆಯಿಲ್ಲ. ಅದು ತನಗೆ ತಿಳಿದ ಅರ್ಥವನ್ನೇ ಹಿಡಿದು ಉತ್ತರವನ್ನು ಕೊಟ್ಟುಬಿಡುತ್ತದೆ. ಖಗೋಳವಿಜ್ಞಾನ, ಭೌತವಿಜ್ಞಾನ, ಸಂಖ್ಯಾಶಾಸ್ತ್ರಗಳ ಅಸಂಖ್ಯಾತ ಲೆಕ್ಕಗಳು ಇಂದು ಈ ಭಾಷೆಯ ವಿಸ್ತರಣಗಳ ಮೂಲಕ ನಡೆಯುತ್ತಿರುವುದರಿಂದ, ಒಂದು ಗುರುತಿನ ಅರ್ಥವು ತಪ್ಪಿದರೆ ಆಗುವ ಹಾನಿ ಅಲ್ಪವಾದುದಲ್ಲ.

ಈ ಅಧ್ಯಯನಕ್ಕೆ ಆಕರಗಳು ಮೂರು ಬಗೆಯವು. ಮೊದಲನೆಯದು, ಯಾರು ಬೇಕಾದರೂ ಓದಬಹುದಾದ ಪೈಥಾನ್ ಇಂಟರ್ಪ್ರಿಟರಿನ ಮೂಲಪಾಠ. ಎರಡನೆಯದು, ಭಾಷೆಯೊಡನೆ ಪ್ರಕಟವಾಗುವ ಕೈಪಿಡಿಗಳು. ಮೂರನೆಯದು, ೨೦೦೦ದಿಂದ ಈಚೆಗೆ ಪೈಥಾನ್ ಅಭಿವೃದ್ಧಿ ಪ್ರಸ್ತಾವಗಳು, ಸಂಕ್ಷೇಪವಾಗಿ ‘ಪೆಪ್’ಗಳು, ಎಂಬ ಹೆಸರಿನಲ್ಲಿ ಕ್ರಮಸಂಖ್ಯೆಯೊಡನೆ ರಕ್ಷಿಸಲ್ಪಟ್ಟಿರುವ ಬಿನ್ನಹಪತ್ರಗಳು. ಅಂಗೀಕೃತವಾದ ಪ್ರಸ್ತಾವಗಳ ಜೊತೆಯಲ್ಲಿ ತಿರಸ್ಕೃತವಾದವುಗಳನ್ನೂ ಇಲ್ಲಿ ಕಾಪಾಡಿರುವುದು ಚರಿತ್ರಕಾರನಿಗೆ ದೊಡ್ಡ ಉಪಕಾರ. ಗೆದ್ದ ಪಕ್ಷದ ಮಾತು ಮಾತ್ರ ಉಳಿದುಬರುವುದು ಸಾಮಾನ್ಯವಾಗಿರುವಲ್ಲಿ, ಸೋತವರ ವಾದವೂ ಅವರ ಮಾತಿನಲ್ಲಿಯೇ ದೊರೆಯುವುದು ವಿರಳ.

೨. ಕೋಷ್ಟಕದ ಏರ್ಪಾಡು

ಪೈಥಾನ್ ಭಾಷೆಯ ರಚನೆಯನ್ನು ಗೈಡೊ ವಾನ್ ರೋಸಮ್ ಅವರು ಆಮ್‌ಸ್ಟರ್ಡ್ಯಾಮಿನ ಸಿ.ಡಬ್ಲ್ಯು.ಐ. ಎಂಬ ಗಣಿತ ಮತ್ತು ಗಣಕವಿಜ್ಞಾನ ಸಂಸ್ಥೆಯಲ್ಲಿದ್ದಾಗ ೧೯೮೯ರ ಡಿಸೆಂಬರಿನಲ್ಲಿ ಪ್ರಾರಂಭಿಸಿದರು. ಅದರ ಮೊದಲ ಪ್ರಕಟನೆ ೧೯೯೧ರ ಫೆಬ್ರವರಿಯಲ್ಲಿ ಆಯಿತು. ಇಂಟರ್ಪ್ರಿಟರನ್ನು ಸಿ ಭಾಷೆಯಲ್ಲಿ ಬರೆದುದರಿಂದ, ಅದೇ ಸಿ ಭಾಷೆಯಲ್ಲಿ ಹೊಸ ಟೈಪುಗಳನ್ನು ಬರೆದು ಸೇರಿಸುವುದು ಸಹಜವಾದ ವಿಸ್ತರಣಮಾರ್ಗವಾಯಿತು.

ಈ ಏರ್ಪಾಡಿನ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಪ್ರತಿಯೊಂದು ಟೈಪಿಗೂ ಒಂದು ವಿವರಪತ್ರವಿರುತ್ತದೆ. ಆ ಪತ್ರದಿಂದ ಮೂರು ಉಪಕೋಷ್ಟಕಗಳಿಗೆ ದಾರಿಯಿದೆ: ಸಂಖ್ಯೆಗಳಂತೆ ವರ್ತಿಸುವ ವಸ್ತುಗಳಿಗೆ ಒಂದು, ಪಟ್ಟಿಗಳಂತೆ ವರ್ತಿಸುವವುಗಳಿಗೆ ಒಂದು, ನಿಘಂಟಿನಂತೆ ವರ್ತಿಸುವವುಗಳಿಗೆ ಒಂದು. ಸಂಖ್ಯಾಕೋಷ್ಟಕದ ಒಂದೊಂದು ಮನೆಯೂ ಒಂದೊಂದು ಕ್ರಿಯೆಗೆ ಮೀಸಲು. ಸಂಕಲನದ ಮನೆಗೆ ‘ಎನ್‌ಬಿ_ಆ್ಯಡ್’ ಎಂದೂ, ಗುಣಾಕಾರದ ಮನೆಗೆ ‘ಎನ್‌ಬಿ_ಮಲ್ಟಿಪ್ಲೈ’ ಎಂದೂ ಹೆಸರು. ವಿಸ್ತರಣವನ್ನು ಬರೆಯುವವನು ತನ್ನ ಟೈಪಿಗೆ ಅರ್ಥವುಳ್ಳ ಕ್ರಿಯೆಗಳ ಮನೆಗಳಲ್ಲಿ ತಾನು ಬರೆದ ಫಂಕ್ಷನ್ನುಗಳ ವಿಳಾಸವನ್ನು ತುಂಬುತ್ತಾನೆ. ಉಳಿದವುಗಳನ್ನು ಖಾಲಿ ಬಿಡುತ್ತಾನೆ. ಕಾರ್ಯಕ್ರಮದಲ್ಲಿ ಎರಡು ವಸ್ತುಗಳ ನಡುವೆ + ಬಂದಾಗ ಇಂಟರ್ಪ್ರಿಟರು ಅವುಗಳ ಕೋಷ್ಟಕಗಳನ್ನು ತೆರೆದು ಸಂಕಲನದ ಮನೆಯನ್ನು ನೋಡುತ್ತದೆ. ಅಲ್ಲಿ ವಿಳಾಸವಿದ್ದರೆ ಆ ಫಂಕ್ಷನ್ನನ್ನು ಕರೆಯುತ್ತದೆ. ಅಲ್ಲಿ ಕೆಲಸವಾಗದಿದ್ದರೆ ಎಡಗಡೆಯ ವಸ್ತುವಿನ ಪಟ್ಟಿಕೋಷ್ಟಕದಲ್ಲಿ ‘ಜೋಡಿಸು’ ಎಂಬ ಮನೆಯನ್ನು ನೋಡುತ್ತದೆ. ಎರಡು ಪಟ್ಟಿಗಳನ್ನು + ಗುರುತಿನಿಂದ ಒಂದರ ಹಿಂದೊಂದು ಸೇರಿಸಲಾಗುವುದು ಈ ಕಾರಣದಿಂದಲೇ. ಎಲ್ಲಿಯೂ ಉತ್ತರ ದೊರೆಯದಿದ್ದಲ್ಲಿ ಟೈಪುದೋಷವೆಂದು ಸಾರಿ ನಿಲ್ಲುತ್ತದೆ.

ಇದರಲ್ಲಿ ಅಧಿಕಾರದ ವಿಭಜನೆ ಸ್ಪಷ್ಟವಾಗಿದೆ. ಇರುವ ಗುರುತಿಗೆ ತನ್ನ ಟೈಪಿನಲ್ಲಿ ಏನು ಅರ್ಥವೆಂಬುದನ್ನು ಗೊತ್ತುಮಾಡುವ ಸ್ವಾತಂತ್ರ್ಯ ವಿಸ್ತರಣಕಾರನಿಗೆ ಪೂರ್ಣವಾಗಿ ಉಂಟು. ಆದರೆ ಇಲ್ಲದ ಗುರುತನ್ನು ಸೃಷ್ಟಿಸುವ ಹಕ್ಕು ಅವನಿಗಿಲ್ಲ. ಆಲ್ಗಾಲ್ ೬೮ ಎಂಬ ಭಾಷೆಯು ಹೊಸ ಗುರುತುಗಳನ್ನೂ ಅವುಗಳ ಆದ್ಯತೆಯನ್ನೂ ಸೂಚಿಸುವ ಅವಕಾಶವನ್ನು ಕಾರ್ಯಕ್ರಮ ಬರೆಯುವವನಿಗೆ ಕೊಟ್ಟಿತ್ತು. ಪೈಥಾನ್ ಅದನ್ನು ಕೊಡಲಿಲ್ಲ. ಇದಕ್ಕೆ ರಚನೆಯಲ್ಲಿಯೇ ಒಂದು ಕಾರಣವಿದೆ. ವಾಕ್ಯವನ್ನು ವ್ಯಾಕರಣದ ಪ್ರಕಾರ ಬಿಡಿಸುವ ಕಾಲದಲ್ಲಿ ಯಾವ ಗುರುತು ಮೊದಲು, ಯಾವುದು ಅನಂತರ ಎಂಬುದು ನಿಶ್ಚಿತವಾಗಿರಬೇಕು. ಆ ಗುರುತಿನ ಎಡಬಲಗಳಲ್ಲಿರುವ ವಸ್ತುಗಳ ಟೈಪಾದರೋ ಕಾರ್ಯಕ್ರಮವು ನಡೆಯುವಾಗ ಮಾತ್ರ ತಿಳಿಯುತ್ತದೆ. ಆದುದರಿಂದ ಗುರುತುಗಳ ಸಂಖ್ಯೆಯೂ ಆದ್ಯತೆಯೂ ಕೇಂದ್ರದ ವಶದಲ್ಲಿ ಉಳಿದವು. ಅರ್ಥವು ಪ್ರಾಂತ್ಯಗಳ ವಶಕ್ಕೆ ಹೋಯಿತು. ಮುಂದಿನ ಘಟನೆಗಳೆಲ್ಲವೂ ಈ ವಿಭಜನೆಯ ಪರಿಣಾಮಗಳೆಂಬುದನ್ನು ನೋಡೋಣ.

೩. ಸವರ್ಣನದ ಯುಗ

ಎಡಬಲಗಳೆರಡೂ ಒಂದೇ ಟೈಪಿನ ವಸ್ತುಗಳಾಗಿದ್ದರೆ ತೊಡಕಿಲ್ಲ. ಒಂದು ಪೂರ್ಣಾಂಕ, ಇನ್ನೊಂದು ದಶಮಾಂಶ ಸಂಖ್ಯೆಯಾಗಿದ್ದರೆ ಯಾರ ಕೋಷ್ಟಕವನ್ನು ನೋಡಬೇಕು? ಭಿನ್ನರಾಶಿಗಳನ್ನು ಕೂಡಿಸುವ ಮೊದಲು ಅವುಗಳನ್ನು ಒಂದೇ ಛೇದಕ್ಕೆ ತರಬೇಕೆಂಬುದು ಶಾಲೆಯ ಹುಡುಗರಿಗೂ ತಿಳಿದಿದೆ. ಇದಕ್ಕೆ ನಮ್ಮ ಗಣಿತಶಾಸ್ತ್ರದಲ್ಲಿ ಸವರ್ಣನವೆಂದು ಹೆಸರು; ಮಹಾವೀರಾಚಾರ್ಯನ ಗ್ರಂಥದಲ್ಲಿ ಕಲಾಸವರ್ಣವೆಂಬ ಪ್ರಕರಣವೇ ಇದೆ. ಪೈಥಾನ್ ಮೊದಲ ಹತ್ತು ವರ್ಷಗಳಲ್ಲಿ ಅನುಸರಿಸಿದುದು ಇಂತಹುದೇ ಉಪಾಯವನ್ನು. ಟೈಪುಗಳು ಬೇರೆ ಬೇರೆಯಾಗಿದ್ದಾಗ, ಇಂಟರ್ಪ್ರಿಟರು ಮೊದಲು ‘ಎನ್‌ಬಿ_ಕೊಅರ್ಸ್’ ಎಂಬ ಮನೆಯಲ್ಲಿರುವ ಫಂಕ್ಷನ್ನನ್ನು ಕರೆದು ಎರಡನ್ನೂ ಒಂದೇ ಟೈಪಿಗೆ ತರಿಸುತ್ತಿತ್ತು. ಅನಂತರವೇ ಸಂಕಲನ, ಗುಣಾಕಾರಾದಿಗಳ ಮನೆಗೆ ಹೋಗುತ್ತಿತ್ತು.

ಈ ಪದ್ಧತಿಯಿಂದ ವಿಸ್ತರಣಕಾರನಿಗೆ ಒಂದು ಸೌಕರ್ಯವಿತ್ತು. ತಾನು ಬರೆದ ಸಂಕಲನದ ಫಂಕ್ಷನ್ನಿಗೆ ಬಂದ ಎರಡು ವಸ್ತುಗಳೂ ತನ್ನ ಟೈಪಿನವೇ ಎಂದು ಅವನು ನಂಬಬಹುದಾಗಿತ್ತು, ಪರೀಕ್ಷಿಸುವ ಶ್ರಮವಿರಲಿಲ್ಲ. ಸಂಖ್ಯೆಗಳ ಲೋಕದಲ್ಲಿ ಇದು ಚೆನ್ನಾಗಿಯೇ ನಡೆಯಿತು. ಪೂರ್ಣಾಂಕವನ್ನು ದಶಮಾಂಶವಾಗಿ, ದಶಮಾಂಶವನ್ನು ಸಂಕೀರ್ಣಸಂಖ್ಯೆಯಾಗಿ ಮಾಡಬಹುದು. ಅಲ್ಲಿ ಒಂದು ಏಣಿಯಿದೆ.

ಎಲ್ಲ ವಸ್ತುಗಳೂ ಇಂತಹ ಏಣಿಯ ಮೇಲಿರುವುದಿಲ್ಲ. ತಾರೀಖನ್ನು ಸೂಚಿಸುವ ಒಂದು ಟೈಪನ್ನು ಭಾವಿಸೋಣ. ಒಂದು ತಾರೀಖಿಗೆ ಹತ್ತು ದಿನಗಳ ಅವಧಿಯನ್ನು ಕೂಡಿಸಿದರೆ ಇನ್ನೊಂದು ತಾರೀಖು ಬರಬೇಕು. ತಾರೀಖಿನಿಂದ ತಾರೀಖನ್ನು ಕಳೆದರೆ ಅವಧಿ ಬರಬೇಕು. ತಾರೀಖಿಗೆ ತಾರೀಖನ್ನು ಕೂಡಿಸುವುದಕ್ಕೆ ಅರ್ಥವೇ ಇಲ್ಲ. ಇಲ್ಲಿ ಅವಧಿಯನ್ನು ತಾರೀಖಾಗಿ ಮಾಡುವುದಾಗಲಿ ತಾರೀಖನ್ನು ಅವಧಿಯಾಗಿ ಮಾಡುವುದಾಗಲಿ ಸಾಧ್ಯವಿಲ್ಲ. ಮಾಡಿದರೆ ಅವೆರಡರ ಭೇದವೇ ಅಳಿದು ಲೆಕ್ಕವು ಕೆಡುತ್ತದೆ. ಕ್ರಿಯೆ ಯಾವುದೆಂದು ತಿಳಿಯುವುದಕ್ಕೆ ಮುಂಚೆಯೇ ಸವರ್ಣನವನ್ನು ಮಾಡಬೇಕಾಗಿದ್ದುದು ಈ ಪದ್ಧತಿಯ ಮೂಲದೋಷ. ಕೂಡಿಸುವುದಕ್ಕೆ ಒಂದು ಬಗೆಯ ಸಂಬಂಧ, ಗುಣಿಸುವುದಕ್ಕೆ ಇನ್ನೊಂದು ಬಗೆಯ ಸಂಬಂಧ ಇರತಕ್ಕ ವಸ್ತುಗಳಿಗೆ ಅದರಲ್ಲಿ ಎಡೆಯಿರಲಿಲ್ಲ.

೪. ೨೦೦೧ರ ಸುಧಾರಣೆ

ಈ ದೋಷವನ್ನು ನಿವಾರಿಸಲು ನೀಲ್ ಶೆಮೆನಾವರ್ ಮತ್ತು ಮಾರ್ಕ್-ಆಂದ್ರೆ ಲೆಂಬರ್ಗ್ ಅವರು ಬರೆದ ಪ್ರಸ್ತಾವವೇ ೨೦೮ನೆಯ ಪೆಪ್. ಅದು ೨೦೦೧ರ ಏಪ್ರಿಲಿನಲ್ಲಿ ಪ್ರಕಟವಾದ ಪೈಥಾನ್ ೨.೧ರಲ್ಲಿ ಜಾರಿಗೆ ಬಂದಿತು. ಇದರ ಪ್ರಕಾರ ಸವರ್ಣನದ ಪೂರ್ವಸಂಸ್ಕಾರವನ್ನು ಬಿಟ್ಟು, ವಸ್ತುಗಳನ್ನು ಇದ್ದಹಾಗೆಯೇ ಫಂಕ್ಷನ್ನಿಗೆ ಒಪ್ಪಿಸಲಾಗುತ್ತದೆ. ಎಡಗಡೆಯ ವಸ್ತುವಿನ ಫಂಕ್ಷನ್ನಿಗೆ ಮೊದಲ ಅವಕಾಶ. ಅದು ತನ್ನ ಮುಂದಿರುವ ಜೋಡಿಯನ್ನು ಅರಿಯದಿದ್ದಲ್ಲಿ ‘ನಾಟ್‌ಇಂಪ್ಲಿಮೆಂಟೆಡ್’ ಎಂಬ ವಿಶೇಷ ವಸ್ತುವನ್ನು ಹಿಂತಿರುಗಿಸುತ್ತದೆ. ಆಗ ಬಲಗಡೆಯ ವಸ್ತುವಿನ ಫಂಕ್ಷನ್ನಿಗೆ ಅವಕಾಶ ದೊರೆಯುತ್ತದೆ. ಇಬ್ಬರೂ ಅದನ್ನೇ ಹೇಳಿದರೆ ಮಾತ್ರ ಇಂಟರ್ಪ್ರಿಟರು ದೋಷವನ್ನು ಸಾರುತ್ತದೆ. ಮುಂದೆ ಇದಕ್ಕೆ ಒಂದು ಉಪನಿಯಮವೂ ಸೇರಿತು: ಬಲಗಡೆಯ ಟೈಪು ಎಡಗಡೆಯ ಟೈಪಿನಿಂದ ಹುಟ್ಟಿದ ಉಪಟೈಪಾಗಿದ್ದು, ಅದಕ್ಕೆ ತನ್ನದೇ ಆದ ಫಂಕ್ಷನ್ನಿದ್ದರೆ, ಅದಕ್ಕೇ ಮೊದಲ ಮಾತು. ವಿಶೇಷವಾದುದು ಸಾಮಾನ್ಯವನ್ನು ಬಾಧಿಸುತ್ತದೆಂಬ ನಮ್ಮ ಶಾಸ್ತ್ರಗಳ ನ್ಯಾಯವನ್ನು ಇದು ನೆನಪಿಗೆ ತರುತ್ತದೆ.

‘ನಾಟ್‌ಇಂಪ್ಲಿಮೆಂಟೆಡ್’ ಎಂಬ ಉತ್ತರದ ಸ್ವರೂಪವನ್ನು ಸರಿಯಾಗಿ ಗ್ರಹಿಸಬೇಕು. ಅದು ದೋಷದ ಘೋಷಣೆಯಲ್ಲ. ‘ಇದು ತಪ್ಪು’ ಎನ್ನುವುದಕ್ಕೂ ‘ಇದು ನನಗೆ ತಿಳಿಯದು, ಬಲ್ಲವರಿದ್ದರೆ ಅವರನ್ನು ಕೇಳಿ’ ಎನ್ನುವುದಕ್ಕೂ ಬಹಳ ಅಂತರವುಂಟು. ವಿಸ್ತರಣಕಾರನು ತಾನರಿಯದ ಟೈಪನ್ನು ಕಂಡೊಡನೆ ದೋಷವನ್ನೇ ಸಾರಿಬಿಟ್ಟರೆ, ಬಲಗಡೆಯವನ ಬಾಯಿ ಕಟ್ಟಿದಂತಾಗುತ್ತದೆ. ತನಗಿಂತ ಅನಂತರ ಹುಟ್ಟುವ, ತಾನೆಂದೂ ಕಾಣದ ಟೈಪುಗಳಿಗೆ ಎಡೆಯನ್ನು ಬಿಟ್ಟುಕೊಡುವುದೇ ಈ ಮೌನದ ಪ್ರಯೋಜನ. ಒಬ್ಬರನ್ನೊಬ್ಬರು ಅರಿಯದ ವಿಸ್ತರಣಕಾರರ ಕೃತಿಗಳು ಒಂದೇ ವಾಕ್ಯದಲ್ಲಿ ಕೂಡಿ ನಡೆಯುವುದು ಇದರಿಂದ ಸಾಧ್ಯವಾಯಿತು.

ಹೊಸ ಹಕ್ಕಿನೊಡನೆ ಹೊಸ ಹೊಣೆಯೂ ಬಂದಿತು. ಪೈಥಾನಿನಲ್ಲಿಯೇ ಬರೆದ ಕ್ಲಾಸಿನಲ್ಲಿ ಎಡಗಡೆಯ ಸ್ಥಾನಕ್ಕೆ ಒಂದು, ಬಲಗಡೆಯ ಸ್ಥಾನಕ್ಕೆ ಒಂದು ಎಂದು ಬೇರೆ ಬೇರೆ ವಿಧಾನಗಳಿವೆ. ಸಿ ಭಾಷೆಯ ಕೋಷ್ಟಕದಲ್ಲಾದರೋ ಎರಡಕ್ಕೂ ಒಂದೇ ಮನೆ. ತನ್ನ ಟೈಪಿನ ವಸ್ತು ಬಲಗಡೆಯಲ್ಲಿದ್ದಾಗಲೂ ಅದೇ ಫಂಕ್ಷನ್ನಿಗೆ ಕರೆ ಬರುತ್ತದೆ, ಮತ್ತು ವಸ್ತುಗಳು ಬರೆದ ಕ್ರಮದಲ್ಲಿಯೇ ಬರುತ್ತವೆ. ಆದುದರಿಂದ ಮೊದಲನೆಯದು ತನ್ನದೆಂದು ಭಾವಿಸುವಂತಿಲ್ಲ, ಎರಡನ್ನೂ ಪರೀಕ್ಷಿಸಲೇಬೇಕು. ಪರೀಕ್ಷಿಸದೆ ಅನ್ಯ ಟೈಪಿನ ವಸ್ತುವನ್ನು ತನ್ನದೆಂದು ಓದಿದರೆ, ಯಂತ್ರದ ಸ್ಮೃತಿಯಲ್ಲಿ ಅಲ್ಲಿರುವುದನ್ನು ಬೇರೊಂದಾಗಿ ಓದಿದಂತಾಗಿ ಕಾರ್ಯಕ್ರಮವೇ ಕುಸಿಯಬಹುದು. ಹಳೆಯ ವಿಸ್ತರಣಗಳು ಈ ಪರೀಕ್ಷೆಯಿಲ್ಲದೆ ಬರೆಯಲ್ಪಟ್ಟಿದ್ದುದರಿಂದ ಅವುಗಳನ್ನು ಏಕಾಏಕಿ ಹೊಸ ಪದ್ಧತಿಗೆ ಒಳಪಡಿಸುವಂತಿರಲಿಲ್ಲ. ‘ನಾನು ಟೈಪುಗಳನ್ನು ಪರೀಕ್ಷಿಸಬಲ್ಲೆ’ ಎಂದು ಸಾರುವ ಒಂದು ಗುರುತನ್ನು ವಿವರಪತ್ರದಲ್ಲಿ ಹಾಕಿದ ಟೈಪುಗಳಿಗೆ ಮಾತ್ರ ಹೊಸ ಪದ್ಧತಿ, ಉಳಿದವಕ್ಕೆ ಹಳೆಯದೇ ಎಂದು ಏರ್ಪಡಿಸಲಾಯಿತು. ಹಳೆಯ ಸವರ್ಣನವು ಪೂರ್ತಿಯಾಗಿ ತೊಲಗಿದುದು ೨೦೦೮ರ ಡಿಸೆಂಬರಿನಲ್ಲಿ ಬಂದ ಪೈಥಾನ್ ೩.೦ರೊಡನೆ.

ಪೈಥಾನ್ ೨.೧ರಲ್ಲಿಯೇ ಇನ್ನೊಂದು ಬದಲಾವಣೆಯೂ ಆಯಿತು. ಅದುವರೆಗೆ ಹೋಲಿಕೆಯ ಫಂಕ್ಷನ್ನು ಕಡಿಮೆ, ಸಮ, ಹೆಚ್ಚು ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಕೊಡಬಹುದಾಗಿತ್ತು. ವಾನ್ ರೋಸಮ್ ಮತ್ತು ಡೇವಿಡ್ ಆಶರ್ ಅವರ ೨೦೭ನೆಯ ಪೆಪ್ಪಿನಿಂದ ಆರು ಬಗೆಯ ಹೋಲಿಕೆಗಳನ್ನೂ ಪ್ರತ್ಯೇಕವಾಗಿ ನಿರ್ವಹಿಸುವ, ಯಾವ ವಸ್ತುವನ್ನಾದರೂ ಉತ್ತರವಾಗಿ ಕೊಡಬಲ್ಲ ಒಂದು ಮನೆ ಬಂದಿತು. ಸಾವಿರ ಸಂಖ್ಯೆಗಳ ಎರಡು ಸಾಲುಗಳನ್ನು ಹೋಲಿಸಿದರೆ ಸಾವಿರ ‘ಹೌದು-ಅಲ್ಲ’ಗಳ ಸಾಲು ಬರಬೇಕೆಂಬ ಗಣಿತವಿಸ್ತರಣಗಳ ಅಪೇಕ್ಷೆಯೇ ಇದಕ್ಕೆ ಮುಖ್ಯ ಪ್ರೇರಣೆ. ಪ್ರಾಂತ್ಯದ ಅಗತ್ಯವು ಕೇಂದ್ರದ ಶಾಸನವನ್ನು ಬದಲಾಯಿಸಿದುದಕ್ಕೆ ಇದೊಂದು ನಿದರ್ಶನ.

೫. ಒಂದು ಗುರುತು, ಎರಡು ಗುಣಾಕಾರಗಳು

ಮೇಲ್ಕಂಡ ಸುಧಾರಣೆಗಳು ‘ಯಾರು ಮೊದಲು ಮಾತನಾಡಬೇಕು’ ಎಂಬ ಪ್ರಶ್ನೆಯನ್ನು ಪರಿಹರಿಸಿದವು. ಗುರುತುಗಳೇ ಸಾಲದಾದಾಗ ಏನು ಮಾಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

೧೯೯೫ರಲ್ಲಿ ಪೈಥಾನನ್ನು ಸಂಖ್ಯಾಗಣನೆಗೆ ಒಗ್ಗಿಸಬೇಕೆಂಬ ಆಸಕ್ತರ ಗುಂಪೊಂದು ಏರ್ಪಟ್ಟು, ಅದರ ಚರ್ಚೆಗಳ ಫಲವಾಗಿ ಜಿಮ್ ಹ್ಯೂಗುನಿನ್ ಅವರು ‘ನ್ಯೂಮೆರಿಕ್’ ಎಂಬ ಸಿ-ವಿಸ್ತರಣವನ್ನು ರಚಿಸಿದರು. ಮುಂದೆ ಬಾಹ್ಯಾಕಾಶ ದೂರದರ್ಶಕ ವಿಜ್ಞಾನ ಸಂಸ್ಥೆಯಲ್ಲಿ ‘ನಮ್‌ಅರೇ’ ಎಂಬ ಪ್ರತಿಸ್ಪರ್ಧಿ ಹುಟ್ಟಿತು. ಇವೆರಡರ ಪರಂಪರೆಗಳನ್ನು ಟ್ರಾವಿಸ್ ಆಲಿಫಂಟ್ ಅವರು ಒಂದುಗೂಡಿಸಿದ ‘ನಮ್‌ಪೈ’ ೨೦೦೬ರಲ್ಲಿ ತನ್ನ ೧.೦ ಆವೃತ್ತಿಯನ್ನು ಮುಟ್ಟಿತು. ಈ ಎಲ್ಲ ವಿಸ್ತರಣಗಳ ಕೇಂದ್ರವಸ್ತು ಅರೇ, ಎಂದರೆ ಸಂಖ್ಯೆಗಳ ಕ್ರಮಬದ್ಧ ವಿನ್ಯಾಸ.

ಅರೇಗಳ ನಡುವೆ ಗುಣಾಕಾರ ಎರಡು ಬಗೆ. ಒಂದರಲ್ಲಿ ಒಂದೊಂದು ಸ್ಥಾನದ ಸಂಖ್ಯೆಯನ್ನು ಇನ್ನೊಂದರ ಅದೇ ಸ್ಥಾನದ ಸಂಖ್ಯೆಯಿಂದ ಗುಣಿಸುತ್ತೇವೆ. ಇದು ಅಂಶಶಃ ಗುಣಾಕಾರ. ಇನ್ನೊಂದರಲ್ಲಿ ಅಡ್ಡಸಾಲನ್ನು ಕಂಬಸಾಲಿನಿಂದ ಗುಣಿಸಿ ಕೂಡಿಸುತ್ತೇವೆ. ಇದು ೧೮೫೮ರಲ್ಲಿ ಆರ್ಥರ್ ಕೇಲಿಯ ಪ್ರಬಂಧದಿಂದ ಪ್ರಸಿದ್ಧವಾದ ಮಾತೃಕಾ ಗುಣಾಕಾರ. ಮೊದಲ ಸಾಲಿನಲ್ಲಿ ೧, ೨ ಮತ್ತು ಎರಡನೆಯ ಸಾಲಿನಲ್ಲಿ ೩, ೪ ಇರುವ ಮಾತೃಕೆಯನ್ನು, ಮೊದಲ ಸಾಲಿನಲ್ಲಿ ೦, ೧ ಮತ್ತು ಎರಡನೆಯ ಸಾಲಿನಲ್ಲಿ ೧, ೦ ಇರುವ ಮಾತೃಕೆಯಿಂದ ಗುಣಿಸೋಣ. ಅಂಶಶಃ ಗುಣಿಸಿದರೆ ೦, ೨ ಎಂಬ ಸಾಲೂ ೩, ೦ ಎಂಬ ಸಾಲೂ ಬರುತ್ತವೆ. ಮಾತೃಕಾಕ್ರಮದಲ್ಲಿ ಗುಣಿಸಿದರೆ ೨, ೧ ಎಂಬ ಸಾಲೂ ೪, ೩ ಎಂಬ ಸಾಲೂ ಬರುತ್ತವೆ. ಎರಡು ಉತ್ತರಗಳೂ ಒಂದೇ ಗಾತ್ರದವು. ಎರಡೂ ತಮ್ಮ ತಮ್ಮ ಅರ್ಥದಲ್ಲಿ ಸರಿಯಾದುವು. ಒಂದರ ಬದಲು ಇನ್ನೊಂದು ಬಂದರೆ ಯಂತ್ರವು ಯಾವ ದೋಷವನ್ನೂ ಸಾರುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಕೋಷ್ಟಕದಲ್ಲಿ ಗುಣಾಕಾರಕ್ಕೆ ಇದ್ದುದು ಒಂದೇ ಮನೆ. ನ್ಯೂಮೆರಿಕ್ ಅದನ್ನು ಅಂಶಶಃ ಗುಣಾಕಾರಕ್ಕೆ ಕೊಟ್ಟಿತು. ಮಾತೃಕಾ ಗುಣಾಕಾರಕ್ಕೆ ‘ಡಾಟ್’ ಎಂಬ ಹೆಸರಿನ ಫಂಕ್ಷನ್ನು ಉಳಿಯಿತು. ಆದರೆ ನಾಲ್ಕಾರು ಮಾತೃಕೆಗಳು ಬರುವ ಸೂತ್ರವನ್ನು ಫಂಕ್ಷನ್ನಿನೊಳಗೆ ಫಂಕ್ಷನ್ನಾಗಿ ಬರೆದರೆ, ಕಂಸಗಳ ಕಾಡಿನಲ್ಲಿ ಸೂತ್ರವೇ ಕಾಣದಂತಾಗುತ್ತದೆ. ಬೀಜಗಣಿತದ ಅಭ್ಯಾಸವುಳ್ಳವರಿಗಾಗಿ * ಗುರುತಿಗೆ ಮಾತೃಕಾ ಗುಣಾಕಾರದ ಅರ್ಥವನ್ನು ಕೊಡುವ ‘ಮ್ಯಾಟ್ರಿಕ್ಸ್’ ಎಂಬ ಇನ್ನೊಂದು ಟೈಪನ್ನು ಕಲ್ಪಿಸಲಾಯಿತು. ಅರ್ಥವನ್ನು ಬದಲಿಸುವ ಸ್ವಾತಂತ್ರ್ಯವಿದ್ದುದರಿಂದ ಇದು ಸುಲಭವಾಗಿಯೇ ಆಯಿತು. ತೊಂದರೆ ಬಂದುದು ಅನಂತರ. ಎರಡು ವಸ್ತುಗಳನ್ನು ಸ್ವೀಕರಿಸಿ * ಗುರುತಿನಿಂದ ಲೆಕ್ಕ ಮಾಡುವ ಫಂಕ್ಷನ್ನನ್ನು ಒಬ್ಬನು ಬರೆದರೆ, ಅದಕ್ಕೆ ಬಂದವು ಅರೇಗಳೋ ಮ್ಯಾಟ್ರಿಕ್ಸುಗಳೋ ಎಂಬುದರ ಮೇಲೆ ಉತ್ತರವೇ ಬೇರೆಯಾಗತೊಡಗಿತು. ಬಳಕೆದಾರರ ಸಮುದಾಯವು ಎರಡು ಒಕ್ಕಲಾಗಿ ಒಡೆಯಿತು. ಒಂದು ಒಕ್ಕಲಿನ ಬರಹ ಇನ್ನೊಂದರಲ್ಲಿ ತಪ್ಪರ್ಥ ಕೊಡುವಂತಾಯಿತು.

ಇದಕ್ಕೆ ಪರಿಹಾರವನ್ನು ಬೇಡಿ ೨೦೦೦ದಲ್ಲಿ ಎರಡು ಬಿನ್ನಹಗಳು ಕೇಂದ್ರದ ಮುಂದೆ ಬಂದವು. ಗ್ರೆಗ್ ವಿಲ್ಸನ್ ಅವರ ೨೧೧ನೆಯ ಪೆಪ್ @ ಎಂಬ ಗುರುತನ್ನು ಬಾಹ್ಯಗುಣಲಬ್ಧದ ಹೊಸ ಕ್ರಿಯಾಚಿಹ್ನೆಯಾಗಿ ಸೇರಿಸಬೇಕೆಂದು ಕೇಳಿತು. ಹ್ವಾಯ್‌ಯು ಝು ಮತ್ತು ಗ್ರೆಗರಿ ಲೀಲೆನ್ಸ್ ಅವರ ೨೨೫ನೆಯ ಪೆಪ್ಪಿನ ಕೋರಿಕೆ ಇನ್ನೂ ವಿಸ್ತಾರವಾದುದು: ಇರುವ ಗಣಿತಚಿಹ್ನೆಗಳ ಹಿಂದೆ ~ ಎಂಬ ಗುರುತನ್ನು ಸೇರಿಸಿ ಒಂದೊಂದಕ್ಕೂ ಒಂದು ಜೋಡಿಯನ್ನು ಕಲ್ಪಿಸಿ, ಅಂಶಶಃ ಕ್ರಿಯೆಗಳನ್ನೂ ಇಡಿಯಾದ ವಸ್ತುವಿನ ಕ್ರಿಯೆಗಳನ್ನೂ ಬೇರ್ಪಡಿಸಬೇಕೆಂಬುದು. ಎರಡೂ ಅಂಗೀಕೃತವಾಗಲಿಲ್ಲ.

೬. ೪೬೫ನೆಯ ಪ್ರಸ್ತಾವ

೨೦೧೪ರಲ್ಲಿ ನಥಾನಿಯಲ್ ಸ್ಮಿತ್ ಅವರು ಬರೆದ ೪೬೫ನೆಯ ಪೆಪ್ ಅದೇ @ ಗುರುತನ್ನು ಮಾತೃಕಾ ಗುಣಾಕಾರಕ್ಕಾಗಿ ಕೇಳಿತು. ಅದೇ ವರ್ಷ ಅದು ಅಂಗೀಕೃತವಾಗಿ, ೨೦೧೫ರ ಸೆಪ್ಟೆಂಬರಿನಲ್ಲಿ ಹೊರಬಂದ ಪೈಥಾನ್ ೩.೫ರಲ್ಲಿ ಜಾರಿಗೆ ಬಂದಿತು. ತಿರಸ್ಕೃತವಾಗಿದ್ದ ೨೧೧ ಮತ್ತು ೨೨೫ನೆಯ ಪೆಪ್ಪುಗಳಲ್ಲಿ, ಇವಕ್ಕೆ ಬದಲಾಗಿ ೪೬೫ನ್ನು ಅಂಗೀಕರಿಸಲಾಯಿತೆಂಬ ಟಿಪ್ಪಣಿ ಇಂದು ಕಾಣುತ್ತದೆ.

ಹದಿನಾಲ್ಕು ವರ್ಷಗಳ ಹಿಂದೆ ದೊರೆಯದ ಒಪ್ಪಿಗೆ ಆಗ ಹೇಗೆ ದೊರೆಯಿತು? ಯಂತ್ರರಚನೆಯಲ್ಲಿ ಕಾರಣವನ್ನು ಹುಡುಕುವುದು ನಿಷ್ಫಲ. ಸಿ ಭಾಷೆಯ ಕಡೆ ಬೇಕಾದುದು ಕೋಷ್ಟಕದಲ್ಲಿ ಎರಡು ಹೊಸ ಮನೆಗಳು ಮಾತ್ರ: ಒಂದು @ ಗುರುತಿಗೆ, ಇನ್ನೊಂದು ಗುಣಿಸಿ ಅದೇ ಹೆಸರಿನಲ್ಲಿಡುವ @= ಗುರುತಿಗೆ. ಇದನ್ನು ೨೦೦೦ದಲ್ಲಿಯೂ ಮಾಡಬಹುದಾಗಿತ್ತು. ಆ ವರ್ಷವೇ ಬಂದ ಪೈಥಾನ್ ೨.೦ರಲ್ಲಿ += ಮುಂತಾದ ಗುರುತುಗಳಿಗಾಗಿ ಹತ್ತಕ್ಕೂ ಹೆಚ್ಚು ಮನೆಗಳು ಸೇರಿಕೊಂಡುದೇ ಇದಕ್ಕೆ ಸಾಕ್ಷಿ.

ನಿಜವಾದ ಕಾರಣಗಳನ್ನು ಬಿನ್ನಹಗಳ ಸ್ವರೂಪದಲ್ಲಿಯೂ ಬಿನ್ನವಿಸಿದವರ ಸ್ಥಿತಿಯಲ್ಲಿಯೂ ಕಾಣಬಹುದು. ಮೊದಲನೆಯದಾಗಿ, ೨೨೫ನೆಯ ಪೆಪ್ ಗುರುತುಗಳ ಒಂದು ಸಮೂಹವನ್ನೇ ಕೇಳಿತ್ತು. ೪೬೫ ಕೇಳಿದುದು ಒಂದನ್ನು. ಮಾತೃಕೆಯ ಘಾತಕ್ಕಾಗಿ @@ ಎಂಬ ಇನ್ನೊಂದು ಗುರುತನ್ನೂ ಮೊದಲು ಯೋಚಿಸಲಾಗಿತ್ತಾದರೂ, ಅದರ ಅಗತ್ಯ ಅಲ್ಪವೆಂದು ಕಂಡುಬಂದುದರಿಂದ ಕೈಬಿಡಲಾಯಿತು. ಎರಡನೆಯದಾಗಿ, ಜನರು ನಿಜವಾಗಿ ಬರೆದಿದ್ದ ಕಾರ್ಯಕ್ರಮಗಳಲ್ಲಿ ಯಾವ ಕ್ರಿಯೆ ಎಷ್ಟು ಸಲ ಬಂದಿದೆಯೆಂದು ಎಣಿಸಿ ತೋರಿಸಲಾಯಿತು. ಮೂರನೆಯದಾಗಿ, ೨೦೦೦ದಲ್ಲಿ * ಗುರುತು ಯಾವ ಗುಣಾಕಾರಕ್ಕೆ ಸಲ್ಲಬೇಕೆಂಬುದರಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಮ್ಯಾಟ್ರಿಕ್ಸ್ ಟೈಪಿನ ಕಹಿಯಾದ ಅನುಭವದಿಂದ, * ಅಂಶಶಃ ಗುಣಾಕಾರಕ್ಕೇ ಇರಲಿ, ಮಾತೃಕಾ ಗುಣಾಕಾರಕ್ಕೆ ಬೇರೊಂದು ಗುರುತು ಬರಲಿ ಎಂಬ ಒಮ್ಮತ ೨೦೧೪ರ ವೇಳೆಗೆ ಪಕ್ವವಾಗಿತ್ತು. ನಾಲ್ಕನೆಯದು ಆಕಸ್ಮಿಕವಾದುದು. ೨೦೦೪ರಲ್ಲಿ ಬಂದ ಪೈಥಾನ್ ೨.೪ರಿಂದ @ ಗುರುತು ಸಾಲಿನ ಆರಂಭದಲ್ಲಿ ‘ಡೆಕೊರೇಟರ್’ ಎಂಬ ಬೇರೊಂದು ಕೆಲಸಕ್ಕೆ ಬಳಕೆಯಾಗುತ್ತಿದ್ದು, ಕಣ್ಣಿಗೆ ಪರಿಚಿತವಾಗಿತ್ತು.

ಗುರುತಿನ ಆದ್ಯತೆಯ ವಿಷಯದಲ್ಲಿಯೂ ಚರ್ಚೆ ನಡೆಯಿತು. ಮೂರು ಮಾತೃಕೆಗಳ ನಡುವೆ ಎರಡು @ ಬಂದಾಗ ಎಡದಿಂದ ಗುಣಿಸಬೇಕೋ ಬಲದಿಂದಲೋ? ಗಣಿತದಲ್ಲಿ ಉತ್ತರ ಒಂದೇ ಆದರೂ ಶ್ರಮ ಬೇರೆಯಾಗಬಹುದು. ಕೊನೆಗೆ * ಗುರುತಿಗೆ ಇರುವ ಆದ್ಯತೆಯನ್ನೂ ಎಡದಿಂದ ನಡೆಯುವ ಕ್ರಮವನ್ನೂ @ ಗುರುತಿಗೆ ಕೊಡಲಾಯಿತು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪೈಥಾನಿನೊಡನೆ ಬರುವ ಮೂಲ ಟೈಪುಗಳಲ್ಲಿ ಯಾವುದೂ @ ಗುರುತಿನ ಮನೆಯನ್ನು ತುಂಬಿಲ್ಲ. ವ್ಯಾಕರಣವು ಹೊರಗಿನವರಿಗಾಗಿಯೇ ಒಂದು ಗುರುತನ್ನು ಮೀಸಲಿಟ್ಟು, ಅದರ ಅರ್ಥವನ್ನು ಸಂಪೂರ್ಣವಾಗಿ ಅವರ ವಶಕ್ಕೆ ಬಿಟ್ಟಿದೆ.

ಎಲ್ಲ ಬಿನ್ನಹಗಳಿಗೂ ಈ ಭಾಗ್ಯ ದೊರೆಯಲಿಲ್ಲ. ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ತರ್ಕಕ್ರಿಯೆಗಳ ಅರ್ಥವನ್ನೂ ಟೈಪುಗಳ ವಶಕ್ಕೆ ಬಿಡಬೇಕೆಂದು ೨೦೦೪ರಲ್ಲಿ ಗ್ರೆಗ್ ಯೂಯಿಂಗ್ ಅವರು ಬರೆದ ೩೩೫ನೆಯ ಪೆಪ್ ೨೦೧೨ರಲ್ಲಿ ತಿರಸ್ಕೃತವಾಯಿತು. ಅರೇಗಳನ್ನು ಬಳಸುವವರು ಇಂದಿಗೂ ಅವುಗಳಿಗೆ ಬದಲಾಗಿ & ಮತ್ತು | ಗುರುತುಗಳನ್ನು ಬಳಸುತ್ತಾರೆ. ಈ ಗುರುತುಗಳ ಆದ್ಯತೆ ಹೋಲಿಕೆಯ ಗುರುತುಗಳಿಗಿಂತ ಹೆಚ್ಚಾದುದರಿಂದ, ಪ್ರತಿಯೊಂದು ಹೋಲಿಕೆಯನ್ನೂ ಕಂಸದೊಳಗೆ ಇಡಬೇಕಾಗಿದೆ. ಆದ್ಯತೆಯನ್ನು ಬದಲಿಸುವ ಹಕ್ಕು ವಿಸ್ತರಣಕಾರನಿಗೆ ಇಲ್ಲದುದರ ಫಲವನ್ನು ಬಳಕೆದಾರನು ದಿನದಿನವೂ ಅನುಭವಿಸುತ್ತಿದ್ದಾನೆ.

೭. ಮೌನದ ಸಮಸ್ಯೆ

೨೦೦೧ರ ಸುಧಾರಣೆಯು ಒಂದು ಸೌಜನ್ಯವನ್ನು ನಂಬಿಕೊಂಡಿತ್ತು: ತಿಳಿಯದವನು ತಿಳಿಯದೆಂದು ಹೇಳುವನೆಂಬುದು. ನಮ್‌ಪೈ ಅರೇಯ ವಿಷಯದಲ್ಲಿ ಈ ನಂಬಿಕೆ ಸಡಿಲವಾಯಿತು. ಅರೇಯೊಳಗೆ ಸಂಖ್ಯೆಗಳನ್ನಲ್ಲದೆ ಯಾವ ವಸ್ತುವನ್ನಾದರೂ ಇಡಬಹುದು. ಆದುದರಿಂದ ಬಲಗಡೆಯಲ್ಲಿ ಅಪರಿಚಿತ ಟೈಪೊಂದು ಬಂದಾಗಲೂ, ಅದನ್ನು ಒಂದು ಬಿಡಿ ವಸ್ತುವೆಂದು ಭಾವಿಸಿ ತನ್ನ ಒಂದೊಂದು ಅಂಶದೊಡನೆಯೂ ಕ್ರಿಯೆ ನಡೆಸಲು ಅರೇ ಸಿದ್ಧವಾಗಿರುತ್ತದೆ. ತಿಳಿಯದೆಂದು ಹೇಳುವ ಸಂದರ್ಭವೇ ಅದಕ್ಕೆ ವಿರಳ. ಬಲಗಡೆಯವನಿಗೆ ಸರದಿ ಬರುವುದೇ ಇಲ್ಲವೆಂದಾಯಿತು. ಎಡಗಡೆಯಲ್ಲಿ ಬರೆದರೆ ಒಂದು ಉತ್ತರ, ಬಲಗಡೆಯಲ್ಲಿ ಬರೆದರೆ ಇನ್ನೊಂದು ಉತ್ತರ ಎಂಬ ವೈಪರೀತ್ಯ ಇದರಿಂದ ತಲೆದೋರಿತು.

ಟೈಪುಗಳಿಗೆ ಒಂದು ಆದ್ಯತಾಂಕವನ್ನು ಕೊಟ್ಟು ಇದನ್ನು ಸರಿಪಡಿಸುವ ಪ್ರಯತ್ನ ಮೊದಲು ನಡೆಯಿತು. ೨೦೧೭ರಲ್ಲಿ ಬಂದ ನಮ್‌ಪೈ ೧.೧೩ರಲ್ಲಿ ಇನ್ನೂ ಸ್ಪಷ್ಟವಾದ ಕ್ರಮವೊಂದು ಜಾರಿಗೆ ಬಂದಿತು. ಅನ್ಯ ಟೈಪೊಂದು ‘ಅರೇ_ಯುಫಂಕ್’ ಎಂಬ ನಿಯತ ಹೆಸರಿನಲ್ಲಿ ‘ಏನೂ ಇಲ್ಲ’ವೆಂಬ ಬೆಲೆಯನ್ನಿಟ್ಟು ತನ್ನ ಇಚ್ಛೆಯನ್ನು ಸೂಚಿಸಿದರೆ, ಅರೇಯು ತಾನಾಗಿ ‘ನಾಟ್‌ಇಂಪ್ಲಿಮೆಂಟೆಡ್’ ಎಂದು ಹೇಳಿ ಹಿಂದೆ ಸರಿಯುತ್ತದೆ. ಬಲಿಷ್ಠನಾದವನು ತಾನೇ ಮೌನವನ್ನು ಅಂಗೀಕರಿಸಬೇಕಾದ ಈ ಏರ್ಪಾಡು ಕೇಂದ್ರದ ಶಾಸನದಿಂದ ಬಂದುದಲ್ಲ, ಪ್ರಾಂತ್ಯಗಳು ತಮ್ಮೊಳಗೇ ಮಾಡಿಕೊಂಡ ಒಡಂಬಡಿಕೆ. ಇತ್ತ ಮ್ಯಾಟ್ರಿಕ್ಸ್ ಟೈಪನ್ನು ಇನ್ನು ಮುಂದೆ ಬಳಸಬಾರದೆಂದು ನಮ್‌ಪೈ ಕೈಪಿಡಿಯು ಸಲಹೆ ಮಾಡುತ್ತಿದೆ. @ ಬಂದ ಮೇಲೆ ಅದಕ್ಕೆ ಮೊದಲಿದ್ದ ಪ್ರಯೋಜನ ಉಳಿಯಲಿಲ್ಲ.

೮. ಕೋಷ್ಟಕದ ಸ್ತರಗಳು

ಉತ್ಖನನದಲ್ಲಿ ಮಣ್ಣಿನ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಓದುವಂತೆ, ಈ ಚರಿತ್ರೆಯನ್ನು ಸಂಖ್ಯಾಕೋಷ್ಟಕದಲ್ಲಿಯೇ ಓದಬಹುದಾಗಿದೆ. ಸಿ ಭಾಷೆಯಲ್ಲಿ ಇಂತಹ ಕೋಷ್ಟಕವನ್ನು ತುಂಬುವಾಗ ಮನೆಗಳ ಹೆಸರನ್ನು ಹೇಳದೆ ಕ್ರಮವಾಗಿ ತುಂಬುತ್ತ ಹೋಗುವುದು ಬಹುಕಾಲದ ರೂಢಿ. ನಡುವೆ ಹೊಸ ಮನೆಯನ್ನು ಸೇರಿಸಿದರೆ ಹಳೆಯ ವಿಸ್ತರಣಗಳ ಫಂಕ್ಷನ್ನುಗಳೆಲ್ಲ ಒಂದೊಂದು ಮನೆ ಪಲ್ಲಟವಾಗುತ್ತವೆ. ಆದುದರಿಂದ ಹೊಸ ಮನೆಗಳನ್ನು ಕೊನೆಯಲ್ಲಿಯೇ ಕಟ್ಟುತ್ತ ಬರಲಾಯಿತು.

ಪೈಥಾನ್ ೩.೫ರ ಕೋಷ್ಟಕದಲ್ಲಿ ೩೬ ಮನೆಗಳಿವೆ. ಮೊದಲ ೧೯ ಅತ್ಯಂತ ಹಳೆಯ ಪದರ. ಮುಂದಿನ ೧೦ ಮನೆಗಳು ೨೦೦೦ದಲ್ಲಿ ಬಂದ += ಮುಂತಾದ ಗುರುತುಗಳವು. ಅನಂತರದ ೪ ಮನೆಗಳು ಭಾಗಾಕಾರವನ್ನು ಎರಡಾಗಿ ಒಡೆದ ೨೦೦೧ರ ಪೈಥಾನ್ ೨.೨ರ ಕಾಲದವು. ಆಮೇಲಿನ ಒಂದು ೨೦೦೬ರದು. ವಸ್ತುವೊಂದನ್ನು ಸ್ಥಾನಸೂಚಕ ಪೂರ್ಣಾಂಕವಾಗಿ ಬಳಸಲು ಬೇಕೆಂದು ನಮ್‌ಪೈ ಕರ್ತೃವಾದ ಆಲಿಫಂಟರೇ ಬೇಡಿ ಪಡೆದುದು. ಕೊನೆಯ ೨ ಮನೆಗಳು @ ಗುರುತಿನವು.

ಅಳಿದುಹೋದ ಮನೆಗಳೂ ಇವೆ. ‘ಎನ್‌ಬಿ_ಆರ್’ ಮತ್ತು ‘ಎನ್‌ಬಿ_ಇಂಟ್’ ಎಂಬ ಮನೆಗಳ ನಡುವೆ ಇದ್ದ ಸವರ್ಣನದ ಮನೆಯು, ಹಳೆಯದರೊಡನೆ ಹೊಂದಿಕೆಯನ್ನು ಬುದ್ಧಿಪೂರ್ವಕವಾಗಿ ಬಿಟ್ಟ ಪೈಥಾನ್ ೩ರ ಪೀಳಿಗೆಯಲ್ಲಿ ಗುರುತಿಲ್ಲದಂತೆ ಹೋಯಿತು. ಆದರೆ ಅದರ ಸಮೀಪದಲ್ಲಿಯೇ ‘ಎನ್‌ಬಿ_ರಿಸರ್ವ್ಡ್’ ಎಂಬ ಖಾಲಿ ಮನೆಯೊಂದು ಇಂದಿಗೂ ನಿಂತಿದೆ. ಪೂರ್ಣಾಂಕಗಳಲ್ಲಿ ಚಿಕ್ಕದು, ದೊಡ್ಡದು ಎಂಬ ಎರಡು ಟೈಪುಗಳಿದ್ದ ಕಾಲದಲ್ಲಿ ಅದು ‘ಎನ್‌ಬಿ_ಲಾಂಗ್’ ಆಗಿತ್ತು. ಆ ಭೇದವು ಹೋದ ಮೇಲೆ ಮನೆಗೆ ಕೆಲಸವಿಲ್ಲದಾಯಿತು, ೩.೦.೧ರಲ್ಲಿ ಹೆಸರನ್ನು ಬದಲಿಸಿ, ಸದಾ ಖಾಲಿಯಾಗಿರತಕ್ಕದ್ದೆಂದು ವಿಧಿಸಲಾಯಿತು.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ನಿರ್ಣಯಗಳನ್ನು ಮುಂದಿಡಬಹುದು.

ಮೊದಲನೆಯದು: ಪೈಥಾನಿನಲ್ಲಿ ಗುರುತಿನ ಅರ್ಥವನ್ನು ನಿರ್ಣಯಿಸುವ ಅಧಿಕಾರವು ಆದಿಯಿಂದಲೂ ವಿಸ್ತರಣಕಾರನಲ್ಲಿತ್ತು, ಗುರುತನ್ನು ಸೃಷ್ಟಿಸುವ ಅಧಿಕಾರವು ಆದಿಯಿಂದಲೂ ಕೇಂದ್ರದಲ್ಲಿತ್ತು. ಈ ಮೂಲವಿಭಜನೆ ಇಂದಿಗೂ ಬದಲಾಗಿಲ್ಲ.

ಎರಡನೆಯದು: ಬದಲಾದುದು, ಪರಸ್ಪರ ಅಪರಿಚಿತರಾದ ಟೈಪುಗಳು ಎದುರಾದಾಗ ನಡೆದುಕೊಳ್ಳಬೇಕಾದ ಮರ್ಯಾದೆ. ಎಲ್ಲರನ್ನೂ ಒಂದೇ ರೂಪಕ್ಕೆ ತರುವ ಸವರ್ಣನವು ಸೋತು, ಅವರವರ ರೂಪದಲ್ಲಿಯೇ ಉಳಿಸಿ ಸರದಿಯ ಮೇಲೆ ಕೇಳುವ ಪದ್ಧತಿ ಗೆದ್ದಿತು. ಆ ಪದ್ಧತಿಯ ಬಲವು, ತಿಳಿಯದಲ್ಲಿ ಸುಮ್ಮನಿರುವವರ ಸೌಜನ್ಯವನ್ನು ಅವಲಂಬಿಸಿದೆ.

ಮೂರನೆಯದು: ಹೊಸ ಗುರುತಿನ ಪ್ರವೇಶಕ್ಕೆ ತಡೆಯಾಗಿದ್ದುದು ರಚನೆಯ ಕಷ್ಟವಲ್ಲ, ಒಮ್ಮತದ ಅಭಾವ. ಎರಡು ಮನೆಗಳನ್ನು ಕಟ್ಟುವ ಕೆಲಸ ಅಲ್ಪವಾದುದು. ಆ ಮನೆಗಳಲ್ಲಿ ಯಾವ ಅರ್ಥ ವಾಸಮಾಡಬೇಕೆಂಬುದನ್ನು ಒಪ್ಪಿಕೊಳ್ಳಲು ಹದಿನಾಲ್ಕು ವರ್ಷಗಳು ಹಿಡಿದವು. ಆ ಅವಧಿಯಲ್ಲಿ ಒಂದೇ ಗುರುತನ್ನು ಎರಡು ಅರ್ಥಗಳಲ್ಲಿ ಬಳಸಿ ಸಮುದಾಯವು ತೆತ್ತ ಬೆಲೆಯೇ ಕೊನೆಗೆ ಒಮ್ಮತವನ್ನು ತಂದಿತು.

ಯಂತ್ರಭಾಷೆಗಳ ಚರಿತ್ರೆಯನ್ನು ಶೋಧಗಳ ಪಟ್ಟಿಯಾಗಿ ಬರೆಯುವ ವಾಡಿಕೆಯುಂಟು. ತಿರಸ್ಕೃತವಾದ ಬಿನ್ನಹಗಳನ್ನೂ, ಖಾಲಿ ಉಳಿದ ಮನೆಗಳನ್ನೂ, ಹಳೆಯ ವಿಸ್ತರಣಗಳ ಮುಲಾಜಿಗಾಗಿ ಮಾಡಿಕೊಂಡ ಏರ್ಪಾಡುಗಳನ್ನೂ ಅದರಲ್ಲಿ ಸೇರಿಸಿದಾಗ, ಅದು ಸಂಸ್ಥೆಗಳ ಚರಿತ್ರೆಯ ಸ್ವರೂಪವನ್ನು ತಾಳುತ್ತದೆ. ಶಾಸನಗಳನ್ನೂ ಕೈಫಿಯತ್ತುಗಳನ್ನೂ ಓದಿ ಅಭ್ಯಾಸವಿರುವ ಚರಿತ್ರಕಾರನು ಇಲ್ಲಿ ತೀರ ಅಪರಿಚಿತನಾಗಿ ನಿಲ್ಲಬೇಕಾಗಿಲ್ಲ. ಇದೇ ದೃಷ್ಟಿಯಿಂದ ಇತರ ಸ್ಕ್ರಿಪ್ಟಿಂಗ್ ಭಾಷೆಗಳ ವಿಸ್ತರಣವ್ಯವಸ್ಥೆಗಳನ್ನೂ ಪರಿಶೀಲಿಸಿ ಹೋಲಿಸುವ ಕಾರ್ಯ ಮುಂದೆ ನಡೆಯಬೇಕಾಗಿದೆ.